ತಾನಾಗಿ ರಚನೆಗೊಳ್ಳುವ ‘ಮೆಥಡ್ ಸ್ಟಬ್’ಗಳು: ಅರ್ಜಿದಾರರಿಗೆ ಮಾಹಿತಿ

ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಕಾಣುವುದು ಪರದೆಯ ಮೇಲಿನ ನಮೂನೆ ಮಾತ್ರ. ಅದರ ಹಿಂದೆ ಅರ್ಜಿದಾರರ ವಯಸ್ಸು, ಆದಾಯ, ವಾಸಸ್ಥಳ ಮುಂತಾದವುಗಳನ್ನು ಪರಿಶೀಲಿಸುವ ಅನೇಕ ಸಣ್ಣ ಕಾರ್ಯಘಟಕಗಳಿರುತ್ತವೆ. ಇಂತಹ ಘಟಕವನ್ನು ತಂತ್ರಾಂಶ ರಚಿಸುವವರು ‘ಮೆಥಡ್’ ಎಂದು ಕರೆಯುತ್ತಾರೆ. ಮೆಥಡ್‌ನ ಹೆಸರು, ಅದು ಪಡೆಯುವ ವಿವರಗಳು ಹಾಗೂ ಅದು ನೀಡಬೇಕಾದ ಉತ್ತರದ ಬಗೆ ಇವಿಷ್ಟನ್ನೇ ನಮೂದಿಸಿ, ಒಳಗಿನ ಕೆಲಸವನ್ನು ಇನ್ನೂ ಬರೆಯದಿದ್ದಲ್ಲಿ ಅದು ‘ಸ್ಟಬ್’ ಎನಿಸುತ್ತದೆ. ಶೀರ್ಷಿಕೆ ಮುದ್ರಿತವಾಗಿದ್ದು ಅಂಕಣಗಳು ಖಾಲಿಯಿರುವ ಕಚೇರಿ ನಮೂನೆಗೆ ಇದನ್ನು ಹೋಲಿಸಬಹುದು.

ಜಾವಾ ಭಾಷೆಯಲ್ಲಿ ‘ಇಂಟರ್‌ಫೇಸ್’ ಎಂಬುದು ಒಂದು ಬಗೆಯ ಕರಾರುಪಟ್ಟಿ. ಅದಕ್ಕೆ ಬದ್ಧವಾದ ‘ಕ್ಲಾಸ್’ ಸಾಮಾನ್ಯವಾಗಿ ಪಟ್ಟಿಯಲ್ಲಿನ ಎಲ್ಲ ಮೆಥಡ್‌ಗಳನ್ನೂ ಒಳಗೊಂಡಿರತಕ್ಕದ್ದು. ಒಂದು ಬಿಟ್ಟುಹೋದರೂ ಕಂಪೈಲರ್ ಅದನ್ನು ಅಂಗೀಕರಿಸುವುದಿಲ್ಲ. ಇಪ್ಪತ್ತು ಮೆಥಡ್‌ಗಳಿದ್ದಲ್ಲಿ ಅವುಗಳ ತಲೆಬರಹಗಳನ್ನು ಕೈಯಿಂದ ನಕಲು ಮಾಡುವುದು ಬೇಸರದ ಕೆಲಸವಷ್ಟೇ ಅಲ್ಲ, ಅಕ್ಷರದೋಷಗಳಿಗೂ ಆಸ್ಪದ. 2001ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಎಕ್ಲಿಪ್ಸ್‌ನಲ್ಲಿ, ಕೆಂಪು ಗುರುತು ಬಿದ್ದ ಸಾಲಿನ ಮೇಲೆ ಕಂಟ್ರೋಲ್ ಮತ್ತು 1 ಕೀಲಿಗಳನ್ನು ಒತ್ತಿ ‘ಆ್ಯಡ್ ಅನ್‌ಇಂಪ್ಲಿಮೆಂಟೆಡ್ ಮೆಥಡ್ಸ್’ ಎಂಬುದನ್ನು ಆಯ್ದುಕೊಂಡರೆ, ಬಿಟ್ಟುಹೋದ ಎಲ್ಲ ಸ್ಟಬ್‌ಗಳೂ ಕ್ಷಣದಲ್ಲಿ ಸಿದ್ಧವಾಗುತ್ತವೆ. ವಿಷುಯಲ್ ಸ್ಟುಡಿಯೋ 2005ರಲ್ಲಿ, ಇನ್ನೂ ಅಸ್ತಿತ್ವದಲ್ಲಿಲ್ಲದ ಮೆಥಡ್ ಅನ್ನು ಬಳಸಿದ ಸಾಲಿನಿಂದಲೇ ಅದರ ಸ್ಟಬ್ ರಚಿಸುವ ಅನುಕೂಲವಿತ್ತು.

ಗಮನಿಸಬೇಕಾದ ಅಂಶವಿರುವುದು ಸ್ಟಬ್‌ನ ಒಳಗೆ. ಮೆಥಡ್ ಉತ್ತರ ನೀಡಲೇಬೇಕಾದ್ದರಿಂದ ಎಡಿಟರ್ ಏನನ್ನಾದರೂ ಬರೆಯಬೇಕಾಗುತ್ತದೆ. ಎಕ್ಲಿಪ್ಸ್‌ನ ಮೂಲ ಏರ್ಪಾಡಿನಂತೆ, ಉತ್ತರ ಸಂಖ್ಯೆಯಾಗಿರಬೇಕಾದಲ್ಲಿ 0, ಹೌದು-ಅಲ್ಲ ಎಂಬ ಬಗೆಯದಾದಲ್ಲಿ ‘ಅಲ್ಲ’ ಎಂದು ದಾಖಲಾಗುತ್ತದೆ. ಮೇಲ್ಗಡೆ ‘ಟುಡೂ ಆಟೋ-ಜನರೇಟೆಡ್ ಮೆಥಡ್ ಸ್ಟಬ್’ ಎಂಬ ಷರಾ ಇರುತ್ತದೆ. ಆದರೆ ಷರಾ ಇರುವುದು ಮನುಷ್ಯರು ಓದುವುದಕ್ಕೆ. ಗಣಕಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಉದಾಹರಣೆಗೆ, ವಿದ್ಯಾರ್ಥಿವೇತನದ ಅರ್ಹತೆಯನ್ನು ನಿರ್ಧರಿಸುವ ಮೆಥಡ್ ಸ್ಟಬ್ ಆಗಿಯೇ ಉಳಿದುಬಿಟ್ಟಿತೆಂದು ಭಾವಿಸೋಣ. ಕಂಪೈಲರ್ ಆಕ್ಷೇಪಿಸದು, ಪರದೆಯೂ ಸರಿಯಾಗಿಯೇ ತೆರೆದುಕೊಳ್ಳುತ್ತದೆ. ಅರ್ಜಿ ಸಲ್ಲಿಸಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ‘ಅರ್ಹರಲ್ಲ’ ಎಂಬ ಉತ್ತರ ದೊರೆಯುತ್ತದೆ. ದೋಷಸೂಚನೆ ಬಂದಿದ್ದರೆ ಅರ್ಜಿದಾರರು ವಿಚಾರಿಸುತ್ತಿದ್ದರು. ತಿರಸ್ಕಾರ ಬಂದಲ್ಲಿ ಅನೇಕರು ಸುಮ್ಮನಾಗುತ್ತಾರೆ. ಮೌನವಾಗಿ ತಪ್ಪು ಉತ್ತರ ನೀಡುವ ಸ್ಟಬ್‌ಗಿಂತ ಕೆಲಸವನ್ನೇ ನಿಲ್ಲಿಸಿಬಿಡುವ ಸ್ಟಬ್ ಎಷ್ಟೋ ವಾಸಿ.

ನೆಟ್‌ಬೀನ್ಸ್ ಈ ಎರಡನೆಯ ಬಗೆಯದು. ಅದು ರಚಿಸುವ ಸ್ಟಬ್ ಉತ್ತರ ನೀಡುವ ಬದಲು ‘ಇನ್ನೂ ಲಭ್ಯವಿಲ್ಲ’ ಎಂಬರ್ಥದ ದೋಷವನ್ನು ಎತ್ತುತ್ತದೆ. ಎಕ್ಲಿಪ್ಸ್‌ನಲ್ಲಿಯೂ ‘ಕೋಡ್ ಟೆಂಪ್ಲೇಟ್ಸ್’ ವಿಭಾಗದಲ್ಲಿ ಮೆಥಡ್‌ನ ಮಾದರಿಯನ್ನು ಬದಲಾಯಿಸಿ ಇದೇ ವರ್ತನೆಯನ್ನು ಪಡೆಯಬಹುದು. ಒಮ್ಮೆ ಮಾಡಿದರೆ ಸಾಕಾಗುವ, ಆದರೂ ಮರೆತುಹೋಗುವ ಕೆಲಸವಿದು. ಉಳಿದಿರುವ ‘ಟುಡೂ’ ಷರಾಗಳನ್ನು ಅದರ ‘ಟಾಸ್ಕ್ಸ್’ ಪಟ್ಟಿಯಲ್ಲಿ ಒಟ್ಟಿಗೆ ನೋಡಬಹುದಾಗಿದ್ದು, ಸೇವೆಯನ್ನು ಸಾರ್ವಜನಿಕರಿಗೆ ತೆರೆಯುವ ಮುನ್ನ ಸದರಿ ಪಟ್ಟಿಯನ್ನು ಪರಿಶೀಲಿಸುವುದು ಅವಶ್ಯ.

ಎಲ್ಲ ದಾಖಲೆಗಳು ಕ್ರಮಬದ್ಧವಾಗಿದ್ದರೂ ಅರ್ಜಿಯು ಕೂಡಲೇ ತಿರಸ್ಕೃತವಾದಲ್ಲಿ, ಅರ್ಜಿದಾರರು ಅರ್ಜಿ ಸಂಖ್ಯೆ, ದಿನಾಂಕ ಮತ್ತು ಪರದೆಯ ಮುದ್ರಿತ ಪ್ರತಿಯೊಂದಿಗೆ ಸಂಬಂಧಪಟ್ಟ ಕಚೇರಿಯಲ್ಲಿ ಕಾರಣವನ್ನು ಕೇಳಬಹುದು. ಆಡಳಿತಾತ್ಮಕ ನಿರ್ಣಯಗಳ ಕಾರಣಗಳನ್ನು ಬಾಧಿತ ವ್ಯಕ್ತಿಗಳಿಗೆ ಒದಗಿಸತಕ್ಕದ್ದೆಂದು ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಡಿ) ಪ್ರಕರಣವು ವಿಧಿಸುತ್ತದೆ. ನಿರ್ಣಯವನ್ನು ಪರದೆಯ ಮೇಲೆ ತೋರಿಸಿದ್ದು ತಂತ್ರಾಂಶವೇ ಆಗಿದ್ದರೂ ಕಾರಣ ನೀಡುವ ಹೊಣೆ ಪ್ರಾಧಿಕಾರದ್ದೇ ಆಗಿರುತ್ತದೆ.