ಹ್ಯಾಶ್‌ಟ್ಯಾಗ್ ಎಂದರೆ ಒಪ್ಪಿಕೊಂಡ ಹೆಸರು

2024ರ ಸೆಪ್ಟೆಂಬರ್ 1, ಭಾನುವಾರ. ಭೀಮುನಿಪಟ್ಟಣದ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಆಫೀಸಿನ ಹುಡುಗನೊಬ್ಬ ಫೋನ್ ಮಾಡಿದ. ‘ಸಾರ್, ಅಮ್ಮ, ನಾನ್ನ ಇಬ್ಬರೇ ವಿಜಯವಾಡದಲ್ಲಿದ್ದಾರೆ. ಸಿಂಗ್ ನಗರವೆಲ್ಲ ನೀರು. ಕೆಳಗಿನ ಮನೆ ಮುಳುಗಿದೆ, ಮಹಡಿಯಲ್ಲಿ ಕೂತಿದ್ದಾರೆ.’ ಬುಡಮೇರು ಹಳ್ಳ ಉಕ್ಕಿ ಊರಿಗೆ ನುಗ್ಗಿದ ದಿನ ಅದು. ಇಲ್ಲಿಂದ ಅಲ್ಲಿಗೆ 350 ಕಿಲೋಮೀಟರಿಗೂ ಹೆಚ್ಚು. ಎಷ್ಟೋ ರೈಲುಗಳು ರದ್ದಾಗಿದ್ದವು.

ಅವನು ಆಗಲೇ ಒಂದು ಪೋಸ್ಟ್ ಹಾಕಿದ್ದ. ‘ನನ್ನ ಅಪ್ಪ ಅಮ್ಮನನ್ನು ದಯವಿಟ್ಟು ಕಾಪಾಡಿ’ ಎಂದು ಬರೆದು ಕೆಳಗೆ ಹನ್ನೆರಡು ಹ್ಯಾಶ್‌ಟ್ಯಾಗ್ ಪೋಣಿಸಿದ್ದ: #ಹೆಲ್ಪ್, #ಪ್ರೇ, #ರೈನ್, #ಇಂಡಿಯಾ, ಹೀಗೆ. ಒಂದು ಗಂಟೆಯಲ್ಲಿ ಮೂವತ್ತು ಜನ ಕೈ ಮುಗಿಯುವ ಚಿತ್ರ ಹಾಕಿದ್ದರು. ಅಷ್ಟೇ.

ಸಂಸ್ಥೆಗಳ ಸೋಷಿಯಲ್ ಮೀಡಿಯಾ ಪುಟಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಹೋಟೆಲ್ ರೂಮು, ಸೀರೆ, ಸೈಟು ಮಾರಲು ಹ್ಯಾಶ್‌ಟ್ಯಾಗ್ ಹುಡುಕಿ ಕೊಡುವವನು ನಾನು. ಆ ದಿನ ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ: ‘ದೋಣಿ ಕಳಿಸಬಲ್ಲವರು ಈಗ ಯಾವ ಪದ ಹುಡುಕುತ್ತಿರುತ್ತಾರೆ?’ #ಹೆಲ್ಪ್ ಅಂತೂ ಅಲ್ಲ. ಅದನ್ನು ಇಡೀ ಜಗತ್ತೇ ಬರೆಯುತ್ತದೆ. ಸಂತೆಯಲ್ಲಿ ನಿಂತು ‘ಅಣ್ಣಾ’ ಎಂದು ಕೂಗಿದ ಹಾಗೆ, ಎಲ್ಲರೂ ಒಮ್ಮೆ ತಿರುಗುತ್ತಾರೆ, ಯಾರೂ ಬರುವುದಿಲ್ಲ.

ಪೋಸ್ಟನ್ನು ಹೊಸದಾಗಿ ಬರೆದೆವು. ಬೀದಿ, ಮನೆಯ ಗುರುತು, ಇಬ್ಬರು ವೃದ್ಧರು, ಮೊದಲ ಮಹಡಿ, ಒಬ್ಬರಿಗೆ ಸಕ್ಕರೆ ಕಾಯಿಲೆ, ಬರೆದ ಹೊತ್ತು ಮಧ್ಯಾಹ್ನ 2.40. ಹ್ಯಾಶ್‌ಟ್ಯಾಗ್ ಎರಡೇ: ಅಷ್ಟು ಹೊತ್ತಿಗೆ ಜನ ಬಳಸುತ್ತಿದ್ದ #ವಿಜಯವಾಡಫ್ಲಡ್ಸ್, ಜೊತೆಗೆ ಬಡಾವಣೆಯ ಹೆಸರು. ಫೋನ್ ನಂಬರು ಅವನದ್ದೇ ಕೊಟ್ಟ. ಅಪ್ಪನ ಮೊಬೈಲಿನ ಬ್ಯಾಟರಿ ಉಳಿಯಬೇಕಿತ್ತಲ್ಲ. ಮರುದಿನ ಬೆಳಿಗ್ಗೆ ಯುವಕರ ಒಂದು ತಂಡ ಇಬ್ಬರನ್ನೂ ಇಳಿಸಿಕೊಂಡು ಹೋಯಿತು. ಕಾಪಾಡಿದ್ದು ಹ್ಯಾಶ್‌ಟ್ಯಾಗ್ ಅಲ್ಲ, ದೋಣಿ ನಡೆಸಿದ ಹುಡುಗರು. ಆದರೆ ಅವರ ಕೈಗೆ ವಿಳಾಸ ಸಿಕ್ಕಿದ್ದು ಆ ಪೋಸ್ಟಿನಿಂದ.

ಹ್ಯಾಶ್‌ಟ್ಯಾಗಿನ ಹುಟ್ಟಿನ ಕಥೆಯಲ್ಲೂ ಇಂಥದ್ದೇ ಒಂದು ಸಂಕಟವಿದೆ. 2007ರ ಆಗಸ್ಟ್ 23ರಂದು ಕ್ರಿಸ್ ಮೆಸಿನಾ ಎಂಬ ಅಮೆರಿಕದ ತಂತ್ರಜ್ಞ, ಟ್ವಿಟರ್‌ನಲ್ಲಿ ಒಂದೇ ವಿಷಯದ ಮಾತುಗಳನ್ನು ಗುಂಪು ಮಾಡಲು # ಚಿಹ್ನೆ ಬಳಸೋಣವೇ ಎಂದು ಕೇಳಿದ. ಕಂಪನಿ ಆಗ ಅಷ್ಟೇನೂ ಆಸಕ್ತಿ ತೋರಲಿಲ್ಲ. ಎರಡು ತಿಂಗಳಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಸುತ್ತ ಕಾಳ್ಗಿಚ್ಚು ಹಬ್ಬಿತು. ಅಲ್ಲಿನ ನಿವಾಸಿಯೊಬ್ಬರು #ಸ್ಯಾನ್‌ಡಿಯಾಗೋಫೈರ್ ಎಂದು ಸೇರಿಸಿ ಸುದ್ದಿ ಕೊಡುತ್ತಾ ಹೋದರು. ಜನ ಅದನ್ನೇ ಹಿಡಿದರು. ಟ್ವಿಟರ್ ಹ್ಯಾಶ್‌ಟ್ಯಾಗಿಗೆ ಕೊಂಡಿ ಜೋಡಿಸಿದ್ದು 2009ರಲ್ಲಿ. ಮೊದಲು ಜನರ ಒಪ್ಪಿಗೆ, ಆಮೇಲೆ ತಂತ್ರಜ್ಞಾನ.

ಆ ಒಪ್ಪಿಗೆ ಎಷ್ಟು ಕಷ್ಟ ಎಂಬುದಕ್ಕೆ ನಾನಿರುವ ಊರೇ ಸಾಕ್ಷಿ. ಭೀಮುನಿಪಟ್ಟಣ 1861ರಷ್ಟು ಹಿಂದೆಯೇ ಪುರಸಭೆಯಾದ ಊರು. ಡಚ್ಚರ ಹಳೆಯ ಸಮಾಧಿಗಳಿವೆ, ಗೋಸ್ತನಿ ನದಿ ಇಲ್ಲೇ ಸಮುದ್ರ ಸೇರುತ್ತದೆ. ಹಳೆಯ ಕಾಗದಗಳಲ್ಲಿ ಇದು ಬಿಮ್ಲಿಪಟಂ. ಬಾಯಿಮಾತಿನಲ್ಲಿ ಭೀಮಿಲಿ, ಕೆಲವರಿಗೆ ಭೀಮ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಒಂದು ‘ಐ’ ಹಾಕಿದರೆ ಇನ್ನೊಬ್ಬರು ಎರಡು ‘ಇ’ ಹಾಕುತ್ತಾರೆ. ಒಂದೇ ಬೀಚಿನ ಒಂದೇ ಸೂರ್ಯೋದಯ ಐದು ಹ್ಯಾಶ್‌ಟ್ಯಾಗ್‌ಗಳಲ್ಲಿ ಹಂಚಿಹೋಗಿರುತ್ತದೆ. ಪ್ರವಾಸದ ಫೋಟೊ ಆದರೆ ನಷ್ಟವಿಲ್ಲ. ಚಂಡಮಾರುತದ ದಿನ ಆದರೆ?

ಅದಕ್ಕೇ ಪೋಸ್ಟ್ ಮಾಡುವ ಮೊದಲು ಹುಡುಕಿ ನೋಡಬೇಕು. ಕಳೆದ ಒಂದು ಗಂಟೆಯಲ್ಲಿ ಜನ ಯಾವುದನ್ನು ಬಳಸಿದ್ದಾರೋ ಅದೇ ಸರಿಯಾದದ್ದು, ಕಾಗುಣಿತ ತಪ್ಪಿದ್ದರೂ ಸರಿ. ಎರಡು ಮೂರು ಸಾಕು. ಇನ್‌ಸ್ಟಾಗ್ರಾಂ 30ರ ತನಕ ಅವಕಾಶ ಕೊಟ್ಟಿದ್ದ ಕಾಲದಲ್ಲೇ, 2021ರಲ್ಲಿ, ಮೂರರಿಂದ ಐದು ಬಳಸಿ ಎಂದು ತಾನೇ ಸಲಹೆ ಕೊಟ್ಟಿತ್ತು.

ಕನ್ನಡಿಗರಿಗೆ ಇದು ಹೊಸದಲ್ಲ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ ವಿರೋಧ ಎದ್ದಾಗ ಜನ ಹಿಡಿದದ್ದು #ಸ್ಟೀಲ್‌ಫ್ಲೈಓವರ್‌ಬೇಡ. ಅಕ್ಟೋಬರ್ 16ರಂದು ಅದೇ ಮಾತು ಹಿಡಿದು ರಸ್ತೆಯಲ್ಲಿ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದೇ ವರ್ಷ #ನಮ್ಮಮೆಟ್ರೊಹಿಂದಿಬೇಡ ಬಂತು. ಮೆಟ್ರೊ ನಿಲ್ದಾಣಗಳ ಫಲಕಗಳಿಂದ ಹಿಂದಿ ಇಳಿಯಿತು. ಎರಡರಲ್ಲೂ ವಿಷಯ ಯಾವುದು, ನಿಲುವು ಏನು ಎಂಬುದು ಹೆಸರಿನಲ್ಲೇ ಇತ್ತು. ‘ಬೇಡ’ ಎಂಬ ಎರಡಕ್ಷರಕ್ಕೆ ವಿವರಣೆ ಬೇಕಾಗಲಿಲ್ಲ. ಆದರೆ ಪರದೆಯಿಂದ ಎದ್ದು ಬೀದಿಗೆ ಬಂದವರಿದ್ದದ್ದರಿಂದಲೇ ಆ ಎರಡಕ್ಷರಕ್ಕೆ ತೂಕ ಬಂತು.

ಕನ್ನಡ ಲಿಪಿಯಲ್ಲೇ ಹ್ಯಾಶ್‌ಟ್ಯಾಗ್ ಬರೆಯುವವರಿಗೆ ಒಂದೆರಡು ಎಚ್ಚರಿಕೆ. ನಡುವೆ ಜಾಗ ಬಿಟ್ಟರೆ ಹ್ಯಾಶ್‌ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ. ಇಂಗ್ಲಿಷಿನಲ್ಲಿ ಪ್ರತಿ ಪದಕ್ಕೂ ದೊಡ್ಡಕ್ಷರ ಹಾಕಿ ಓದಲು ಸುಲಭ ಮಾಡಬಹುದು, ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ. ಹಾಗಾಗಿ ನಡುವೆ ಅಡಿಗೆರೆ ಹಾಕಿ: #ಮಳೆ_ಮಾಹಿತಿ. ಇನ್ನೊಂದು ಕಣ್ಣಿಗೆ ಕಾಣದ ತೊಡಕು. ಒತ್ತಕ್ಷರ ಆಗಬಾರದೆಂದು ಕೀಬೋರ್ಡು ಪದದ ನಡುವೆ ಕಾಣದ ಚಿಹ್ನೆಯೊಂದನ್ನು ಸೇರಿಸುತ್ತದೆ. ಅದು ಇರುವ ಪದ, ಇಲ್ಲದ ಪದ ಕಂಪ್ಯೂಟರಿಗೆ ಬೇರೆ ಬೇರೆ. ಆದ್ದರಿಂದ ಹೊಸದಾಗಿ ಟೈಪ್ ಮಾಡುವುದಕ್ಕಿಂತ, ಓಡುತ್ತಿರುವ ಹ್ಯಾಶ್‌ಟ್ಯಾಗನ್ನೇ ನಕಲು ಮಾಡಿ ಅಂಟಿಸುವುದು ಕ್ಷೇಮ.

ಇಷ್ಟೆಲ್ಲ ಬಲ್ಲ ನಾನು ಆ ವಾರ ಒಂದು ಮಾತು ಹೇಳಲು ಮರೆತಿದ್ದೆ. ಸೋಮವಾರವೇ ಅಪ್ಪ ಅಮ್ಮ ಸುರಕ್ಷಿತ. ಹುಡುಗ ನಿಟ್ಟುಸಿರುಬಿಟ್ಟು ಮಲಗಿದ. ಪೋಸ್ಟ್ ಮಾತ್ರ ಮಲಗಲಿಲ್ಲ. ಒಳ್ಳೆಯ ಮನಸ್ಸಿನವರು ಹಂಚುತ್ತಲೇ ಇದ್ದರು. ಮಂಗಳವಾರ ಮಧ್ಯಾಹ್ನ ಅವನಿಗೆ ಕರೆ ಬಂತು: ‘ನಿಮ್ಮ ಮನೆ ಮುಂದೆ ದೋಣಿ ತಂದಿದ್ದೇವೆ, ಬಾಗಿಲಿಗೆ ಬೀಗ ಇದೆ.’ ಅವನು ಕ್ಷಮೆ ಕೇಳಿದ. ಆ ಕಡೆಯವರು ಬೈಯಲಿಲ್ಲ, ‘ಪರವಾಗಿಲ್ಲ’ ಎಂದು ಫೋನಿಟ್ಟರು. ಆ ದೋಣಿ ನಮ್ಮ ಖಾಲಿ ಮನೆಗೆ ಬಂದ ಹೊತ್ತಿನಲ್ಲಿ ಬೇರೆ ಯಾವ ಮಹಡಿಯಲ್ಲಿ ಯಾರು ಕಾಯುತ್ತಿದ್ದರೋ. ಆ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ. ತಪ್ಪು ಅವನದಲ್ಲ, ಬರೆಯಲು ಕಲಿಸಿ ಅಳಿಸಲು ಕಲಿಸದ ನನ್ನದು.

ಈಗ ನಮ್ಮ ವಿಶಾಖಪಟ್ಟಣದ ಪರಿಚಯದ ಕನ್ನಡ ಮನೆಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿ ಮಳೆಗಾಲಕ್ಕೆ ಮೊದಲು ಮೂರು ಸಾಲು ಹಾಕುತ್ತೇನೆ. ಮೊದಲು 112ಕ್ಕೆ ಫೋನ್ ಮಾಡಿ. ಪೋಸ್ಟ್ ಹಾಕಿದರೆ ಜಾಗ, ಹೊತ್ತು, ಜನರ ಸಂಖ್ಯೆ ಬರೆದು, ಓಡುತ್ತಿರುವ ಒಂದೆರಡು ಹ್ಯಾಶ್‌ಟ್ಯಾಗ್ ಅಷ್ಟೇ ಸೇರಿಸಿ. ಕೆಲಸ ಆದ ಕೂಡಲೇ ‘ಸುರಕ್ಷಿತ’ ಎಂದು ತಿಳಿಸಿ ಪೋಸ್ಟ್ ತೆಗೆಯಿರಿ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಬಂದಾಗ ಕರೆಂಟು, ಫೋನು ಎರಡೂ ಕೈಕೊಟ್ಟದ್ದನ್ನು ಕಂಡ ಇಲ್ಲಿನ ಹಿರಿಯರೊಬ್ಬರು ನಾಲ್ಕನೆಯದನ್ನು ಸೇರಿಸಿದರು: ‘ಪಕ್ಕದ ಮನೆಯವರ ಹೆಸರು ಗೊತ್ತಿರಲಿ.’ ಅದಕ್ಕೆ ಸಿಗ್ನಲ್ಲೂ ಬೇಡ.