ಹಾಸಿಗೆಯ ಕೆಳಗೆ ದೊರೆತ ಯಂತ್ರ

ಹಗ್ಗವನ್ನು ಕಂಡು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ನಾವು ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಶಾಲೆಯ ಮಕ್ಕಳಿಗೆ ಹೇಳುತ್ತ ಬಂದವರು. ಮಬ್ಬು ಬೆಳಕು, ನೆಲದ ಮೇಲೆ ಸುರುಳಿಯಾಗಿ ಬಿದ್ದ ಹಗ್ಗ, ನೋಡುವವನ ಮನಸ್ಸಿನಲ್ಲಿ ಮೊದಲೇ ಮನೆಮಾಡಿಕೊಂಡಿರುವ ಭಯ: ಈ ಮೂರೂ ಕೂಡಿದರೆ ಹಾವು ತಾನಾಗಿಯೇ ಹುಟ್ಟುತ್ತದೆ. ಆದರೆ ಪಾಠ ಹೇಳಿದ ಮೇಷ್ಟರ ಮನೆಯಲ್ಲಿಯೇ ಆ ಪಾಠದ ಪರೀಕ್ಷೆ ನಡೆಯುವುದೆಂದು ನಾವು ಎಣಿಸಿರಲಿಲ್ಲ. ಕಳೆದ ಆಷಾಢಮಾಸದಲ್ಲಿ ನಡೆದ ಆ ಸಂಗತಿಯನ್ನು ವಾಚಕರ ಮುಂದೆ ಇಡುವುದು ಉಚಿತವೆಂದು ನಮಗೆ ತೋರಿದೆ. ಅದರಲ್ಲಿ ವಿಜ್ಞಾನದ ವಿಷಯವೂ ಉಂಟು, ಒಬ್ಬ ಬಡ ಹೆಂಗಸಿನ ಮಾನದ ವಿಷಯವೂ ಉಂಟು.

ನಮ್ಮ ಅಕ್ಕನವರು ಎಪ್ಪತ್ತು ದಾಟಿದವರು. ಮಳೆ ಹಿಡಿದಂದಿನಿಂದ ಅವರಿಗೆ ಕೀಲುನೋವು, ಬಿಟ್ಟು ಬಿಟ್ಟು ಬರುವ ಜ್ವರ. ಮಳೆ ಹೊಳವಾಗಿದ್ದ ಒಂದು ಬೆಳಗ್ಗೆ ಸೊಸೆಯು ಅವರ ಹಾಸಿಗೆಯನ್ನು ಬಿಸಿಲಿಗೆ ಹಾಕಲೆಂದು ಎತ್ತಿದಾಗ, ಹಾಸಿಗೆಗೂ ಮಂಚದ ಹಲಗೆಗೂ ನಡುವೆ ಒಂದು ಅಪರೂಪದ ವಸ್ತು ಕಂಡುಬಂದಿತು. ಒಂದೂವರೆ ಅಂಗುಲದ ಚೌಕ, ಕಾಗದದಷ್ಟು ತೆಳು. ಪಾರದರ್ಶಕವಾದ ಹಾಳೆಯ ಮೇಲೆ ಬೆಳ್ಳಿಯ ಬಣ್ಣದ ಲೋಹದ ಗೆರೆಯೊಂದು ಹೊರ ಅಂಚಿನಿಂದ ಹೊರಟು, ಚೌಕ ಚೌಕವಾಗಿ ಒಳಗೊಳಗೆ ಸುತ್ತುತ್ತ, ಕೊನೆಗೆ ನಡುವಿನ ಒಂದು ಪುಟ್ಟ ಲೋಹದ ಚದರದಲ್ಲಿ ಮುಗಿಯುತ್ತಿತ್ತು. ದೇವರ ಮನೆಯಲ್ಲಿ ಪೂಜೆಗೆ ಇಡುವ ಯಂತ್ರದ ತಗಡನ್ನು ಬಲ್ಲವರಿಗೆ ಅದನ್ನು ಕಂಡೊಡನೆ ಯಾವುದು ನೆನಪಾಗುವುದೆಂದು ಹೇಳಬೇಕಾಗಿಲ್ಲ.

ಅಕ್ಕನವರು ಅದನ್ನು ಮುಟ್ಟಲೂ ಇಲ್ಲ. “ಇದು ಮಾಟ. ನನಗೆ ಜ್ವರ ಯಾಕೆ ಬಿಡುತ್ತಿಲ್ಲ ಎಂಬುದು ಈಗ ತಿಳಿಯಿತು ಕಣೋ ತಮ್ಮ” ಎಂದರು. ಮಾಟವೆಂದ ಮೇಲೆ ಮಾಡಿದವರು ಯಾರೆಂಬ ಪ್ರಶ್ನೆ ಬಂದೇ ಬರುತ್ತದೆ. ನಿತ್ಯವೂ ಆ ಹಾಸಿಗೆಯನ್ನು ಕೊಡವಿ ಹಾಸುವವಳು ನಮ್ಮ ಮನೆಗೆಲಸದ ಹೆಂಗಸು. ಹಿಂದಿನ ವಾರವಷ್ಟೇ ಅವಳು ತನ್ನ ಮಗುವಿನ ಕೊರಳಿಗೆ ಒಂದು ತಾಯಿತವನ್ನು ಕಟ್ಟಿಸಿ ತಂದಿದ್ದಳು. ಇಷ್ಟು ಸಾಕಾಯಿತು. “ನಾಳೆಯಿಂದ ಅವಳು ಬರುವುದು ಬೇಡ. ತಿಂಗಳ ಲೆಕ್ಕ ಮಾಡಿ ಕಳುಹಿಸಿಬಿಡಿ” ಎಂದು ಅಕ್ಕನವರ ಅಪ್ಪಣೆಯಾಯಿತು. ಅವಳು ನಮ್ಮಲ್ಲಿ ಕೆಲಸಕ್ಕೆ ನಿಂತು ಹನ್ನೊಂದು ವರ್ಷಗಳಾಗಿದ್ದವು.

ನಮ್ಮ ಕಿರಿಯ ಮಗನು ಕಾಲೇಜಿನಲ್ಲಿ ವಿಜ್ಞಾನ ಓದುವವನು. ಅವನು ಆ ವಸ್ತುವನ್ನು ಬೆಳಕಿಗೆ ಹಿಡಿದು ನೋಡಿ ನಕ್ಕನು. “ಮಾಟವಲ್ಲ ಅತ್ತೆ. ಇದು ಆಂಟೆನಾ ಇದ್ದ ಹಾಗಿದೆ. ಯಾರೋ ನಮ್ಮ ಮಾತು ಕದ್ದು ಕೇಳುವುದಕ್ಕೆ ಇಟ್ಟಿರಬೇಕು” ಎಂದನು. ಹದಿನೈದು ದಿನಗಳ ಕೆಳಗೆ ವಿದ್ಯುತ್ತಿನ ತಂತಿ ಸರಿಮಾಡಲು ಬಂದಿದ್ದ ಹುಡುಗನ ಮೇಲೆ ಅವನಿಗೆ ಅನುಮಾನ. ವಸ್ತು ಒಂದೇ, ಅಕ್ಕನವರ ಕಣ್ಣಿಗೆ ಅದು ಹಳೆಯ ಭಯದ ಆಕಾರವನ್ನೂ ಮಗನ ಕಣ್ಣಿಗೆ ಹೊಸ ಭಯದ ಆಕಾರವನ್ನೂ ತಳೆಯಿತು. ಒಂದು ಗಳಿಗೆಯಲ್ಲಿ ಇಬ್ಬರು ಅಪರಾಧಿಗಳೂ ಸಿದ್ಧರಾದರು.

ನಾವಾದರೂ ಅಂದು ಗಟ್ಟಿಯಾಗಿ ಏನನ್ನೂ ಹೇಳಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮನೆಯ ಶಾಂತಿಗಾಗಿ, ಎರಡು ದಿನ ಬರುವುದು ಬೇಡವೆಂದು ಸೊಸೆಯು ಕೆಲಸದವಳಿಗೆ ಹೇಳಿ ಕಳುಹಿಸಿದಳು, ನಾವು ಸುಮ್ಮನಿದ್ದೆವು. ಆ ರಾತ್ರಿ ನಮಗೆ ಚೆನ್ನಾಗಿ ನಿದ್ರೆ ಬರಲಿಲ್ಲ. ವಸ್ತುವಿನ ಹೆಸರು ತಿಳಿಯುವ ಮುಂಚೆಯೇ ಅಪರಾಧಿಯ ಹೆಸರನ್ನು ಹೇಳುವುದು ಯಾವ ತರ್ಕ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಗಾದೆಯೇ ಹೇಳುತ್ತದೆಯಷ್ಟೆ. ಬೆಳಗಾದೊಡನೆ ಮಗನನ್ನು ಕರೆದು, ಭೂತಗನ್ನಡಿಯನ್ನು ತರಿಸಿ, ಆ ವಸ್ತುವನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆವು. ಇದರಲ್ಲಿ ಏನು ಉಂಟು, ಏನು ಇಲ್ಲ, ಇದು ಎಲ್ಲಿಂದ ಬಂದಿತು ಎಂಬ ಮೂರು ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡೆವು.

ಮೊದಲನೆಯದಾಗಿ, ಇದ್ದುದೇನು? ಲೋಹದ ಗೆರೆಯ ಅಗಲವು ಎಲ್ಲಿಯೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿರಲಿಲ್ಲ. ಕಂಟದಿಂದ ಗೀರಿದ ಗುರುತಿಲ್ಲ, ಬೀಜಾಕ್ಷರವಿಲ್ಲ, ಅರಿಸಿನ ಕುಂಕುಮಗಳ ಲೇಶವೂ ಇಲ್ಲ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಅಚ್ಚಾಗಿ ಬರುವ ವಸ್ತುವಿನ ಲಕ್ಷಣವೆಲ್ಲವೂ ಅದರಲ್ಲಿ ಇತ್ತು. ಒಬ್ಬರ ಹೆಸರಿಗೆ ಮಾಡಿದ ಮಾಟವು ಸಾವಿರಗಟ್ಟಲೆ ಅಚ್ಚಾಗುವುದಿಲ್ಲ.

ಎರಡನೆಯದಾಗಿ, ಇಲ್ಲದುದೇನು? ಅಭಾವವನ್ನೂ ಒಂದು ಪದಾರ್ಥವಾಗಿ ಎಣಿಸಿದ ತಾರ್ಕಿಕರು ನಮ್ಮವರು. ಇಲ್ಲದಿರುವುದು ಸಹ ಎಷ್ಟೋ ವಿಷಯಗಳನ್ನು ಹೇಳುತ್ತದೆ. ಈ ವಸ್ತುವಿನಲ್ಲಿ ಬ್ಯಾಟರಿಯಿರಲಿಲ್ಲ. ಧ್ವನಿಯನ್ನು ಹಿಡಿಯುವ ಭಾಗವಿರಲಿಲ್ಲ. ಎಣಿಕೆಯನ್ನೋ ಅಕ್ಷರವನ್ನೋ ನೆನಪಿಟ್ಟುಕೊಳ್ಳುವ ಕಪ್ಪು ಚುಕ್ಕಿಯಂಥ ಚಿಪ್ ಸಹ ಇರಲಿಲ್ಲ. ಮಗನು ತನ್ನ ಮೊಬೈಲನ್ನು ಅದರ ಮೇಲೆ ಹಿಡಿದು ನೋಡಿದನು. ಚಿಪ್ ಇರುವ ಕೆಲವು ಬಗೆಯ ಚೀಟಿಗಳನ್ನು ಮೊಬೈಲು ಗುರುತಿಸುವುದುಂಟಂತೆ. ಇದಕ್ಕೆ ಅದು ಮೌನವಾಗಿಯೇ ಇತ್ತು.

ಮೂರನೆಯ ಪ್ರಶ್ನೆಗೆ ಉತ್ತರವನ್ನು ಕೊಟ್ಟದ್ದು ವಸ್ತುವಿನ ಬೆನ್ನು. ಅಲ್ಲಿ ಒಣಗಿದ ಅಂಟಿಗೆ ನೀಲಿ ಬಣ್ಣದ ಕಾಗದದ ಸಿಪ್ಪೆ ಹತ್ತಿಕೊಂಡಿತ್ತು. ಆ ನೀಲಿಯನ್ನು ಎಲ್ಲಿ ಕಂಡೆವು ಎಂದು ಯೋಚಿಸುತ್ತಿರಲು ಸೊಸೆಯೇ, “ಮಾವ, ಅತ್ತೆಗೆ ತಂದ ಶಾಲಿನ ಪೆಟ್ಟಿಗೆ ನೀಲಿ” ಎಂದಳು. ಜ್ಯೇಷ್ಠಮಾಸದಲ್ಲಿ ಹಿರಿಯ ಮಗನು ಮೈಸೂರಿನ ಒಂದು ದೊಡ್ಡ ಅಂಗಡಿಯಿಂದ ಅಕ್ಕನವರಿಗೆ ಉಣ್ಣೆಯ ಶಾಲನ್ನು ತಂದಿದ್ದನು. ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ಇಳಿಸಿ ಮುಚ್ಚಳವನ್ನು ತೆರೆದೆವು. ಒಳಮೈಯಲ್ಲಿ ಒಂದೂವರೆ ಅಂಗುಲ ಚೌಕದಷ್ಟು ನೀಲಿ ಕಾಗದವು ಕಿತ್ತುಹೋಗಿತ್ತು. ವಸ್ತುವನ್ನು ಅಲ್ಲಿ ಇಟ್ಟು ನೋಡಿದರೆ, ಹರಿದ ಅಂಚಿಗೆ ಹರಿದ ಅಂಚು ಸರಿಯಾಗಿ ಕೂಡಿಕೊಂಡಿತು. ಮಳೆಗಾಲದ ತೇವಕ್ಕೆ ಮೇಲಿನ ಬಿಳಿಯ ಕಾಗದವು ಸುಲಿದು, ಅಂಟು ಬಿಟ್ಟು, ಅದು ಶಾಲಿನ ಮಡಿಕೆಯೊಡನೆ ಅಕ್ಕನವರ ಹಾಸಿಗೆಯನ್ನು ಸೇರಿತ್ತು.

ಅನುಮಾನವು ಇಷ್ಟಾಯಿತು, ಆಪ್ತವಾಕ್ಯವೂ ಬೇಕೆಂದು ಮರುದಿನ ಮಗನೊಡನೆ ಮೈಸೂರಿಗೆ ಹೋದೆವು. ಅಂಗಡಿಯ ಯುವಕನು ಅದನ್ನು ಕಂಡು ಮುಗುಳ್ನಕ್ಕು, ತನ್ನ ಮೇಜಿನ ಸೆಳೆಖಾನೆಯಿಂದ ಅಂಥದೇ ಚೀಟಿಗಳ ಒಂದು ಸುರುಳಿಯನ್ನು ತೆಗೆದು ತೋರಿಸಿದನು. ಸರಕನ್ನು ಕದ್ದೊಯ್ಯದಂತೆ ಕಾಯುವ ಚೀಟಿಗಳಂತೆ ಅವು. ನಮ್ಮ ಬೇಡಿಕೆಯ ಮೇರೆಗೆ ಅವನು ಹೊಸದೊಂದನ್ನು ಹಿಡಿದು ಬಾಗಿಲಿನ ಎರಡು ಕಂಬಗಳ ನಡುವೆ ನಡೆದನು, ಗಂಟೆ ಕೂಗಿತು. ನಮ್ಮದನ್ನು ಹಿಡಿದು ನಡೆದನು, ಗಂಟೆ ಸುಮ್ಮನಿತ್ತು.

ಇದರ ಮರ್ಮವನ್ನು ಸುಲಭವಾಗಿ ತಿಳಿಯಬಹುದು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳನ್ನು ಹತ್ತಿರ ಇಟ್ಟು ಒಂದನ್ನು ಮೀಟಿದರೆ, ಮೀಟದೆ ಇದ್ದ ಇನ್ನೊಂದರ ತಂತಿಯೂ ಮೆಲ್ಲನೆ ಮಿಡಿಯುತ್ತದೆ. ಇದಕ್ಕೆ ಅನುನಾದವೆಂದು ಹೆಸರು. ಚೀಟಿಯಲ್ಲಿರುವ ಲೋಹದ ಸುರುಳಿ, ಹಾಳೆಯ ಎರಡು ಮಗ್ಗುಲಲ್ಲಿ ಎದುರುಬದುರಾಗಿ ಕುಳಿತಿರುವ ಪುಟ್ಟ ಚದರಗಳು: ಇವೆರಡೂ ಕೂಡಿ ವಿದ್ಯುತ್ತಿನ ಒಂದು ತಂತಿಯಂತೆ ವರ್ತಿಸುತ್ತವೆ. ಅದರ ಶ್ರುತಿಯು ಸೆಕೆಂಡಿಗೆ ಸುಮಾರು ೮೨ ಲಕ್ಷ ಕಂಪನಗಳು. ಬಾಗಿಲಿನ ಕಂಬವು ಆ ಶ್ರುತಿಯ ಆಸುಪಾಸಿನ ರೇಡಿಯೋ ಅಲೆಗಳನ್ನು ಬೀರುತ್ತಿರುತ್ತದೆ. ಚೀಟಿಯು ಹತ್ತಿರ ಬಂದರೆ ತಾನೂ ಮಿಡಿದು ಆ ಅಲೆಗಳನ್ನು ಕದಡುತ್ತದೆ. ಆ ಕದಡನ್ನು ಗ್ರಹಿಸಿ ಗಂಟೆ ಕೂಗುತ್ತದೆ. ಹಣ ತೆತ್ತ ಗಿರಾಕಿಯ ಸರಕನ್ನು ಮೇಜಿನ ಮೇಲಿನ ಒಂದು ಉಪಕರಣಕ್ಕೆ ತೋರಿಸುತ್ತಾರೆ. ಅದರ ಪ್ರಬಲವಾದ ಅಲೆಗೆ ಚದರಗಳ ನಡುವಿನ ತೆಳುಪೊರೆಯು ತೂತಾಗಿ, ತಂತಿ ಕಡಿದ ತಂಬೂರಿಯಂತೆ ಚೀಟಿಯು ಮೂಕವಾಗುತ್ತದೆ. ನಮ್ಮ ಮನೆಯನ್ನು ಎರಡು ದಿನ ನಡುಗಿಸಿದುದು ಹೀಗೆ ಮೂಕವಾಗಿದ್ದ ಒಂದು ಅಲ್ಯೂಮಿನಿಯಂ ಗೆರೆ!

ಮಗನಿಗೆ ಇಷ್ಟರಿಂದ ಸಮಾಧಾನವಾಗಲಿಲ್ಲ. “ಬ್ಯಾಟರಿ ಇಲ್ಲದ ವಸ್ತು ಮಾತನ್ನು ಕದಿಯಲಾರದು ಎಂದಿರಲ್ಲ ಅಪ್ಪ, ಮಾಸ್ಕೋದಲ್ಲಿ ಕದ್ದಿದೆ” ಎಂದನು. ಅವನು ಹೇಳಿದ್ದು ನಿಜವೇ. ಆ ವೃತ್ತಾಂತವು ವಾಚಕರಿಗೂ ತಿಳಿದಿರತಕ್ಕದ್ದು.

೧೯೪೫ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಸೋವಿಯತ್ ದೇಶದ ಶಾಲಾ ಬಾಲಕರು ಅಮೆರಿಕದ ರಾಯಭಾರಿ ಆವರೆಲ್ ಹ್ಯಾರಿಮನ್ನರಿಗೆ ಸ್ನೇಹದ ಕಾಣಿಕೆಯೆಂದು ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಅರ್ಪಿಸಿದರು. ಸುಂದರವಾದ ಆ ಕೆತ್ತನೆಯು ಮಾಸ್ಕೋದಲ್ಲಿದ್ದ ರಾಯಭಾರಿಯ ನಿವಾಸದ ಓದುವ ಕೋಣೆಯ ಗೋಡೆಯನ್ನು ಏಳು ವರ್ಷ ಅಲಂಕರಿಸಿತು. ಬ್ರಿಟಿಷ್ ರೇಡಿಯೋ ಕೆಲಸಗಾರನೊಬ್ಬನು ಸೋವಿಯತ್ ವಿಮಾನಗಳ ಸಂಭಾಷಣೆಯನ್ನು ಆಲಿಸುತ್ತಿದ್ದಾಗ ಅಮೆರಿಕನ್ನರ ಮಾತು ಆಕಸ್ಮಿಕವಾಗಿ ಅವನ ಕಿವಿಗೆ ಬಿದ್ದಿತು. ಶೋಧನೆಗಳು ನಡೆದು, ಜಾರ್ಜ್ ಕೆನ್ನನ್ನರು ರಾಯಭಾರಿಯಾಗಿದ್ದ ೧೯೫೨ರಲ್ಲಿ ಆ ಮುದ್ರೆಯೊಳಗೆ ಅಡಗಿದ್ದ ಉಪಕರಣವು ಸಿಕ್ಕಿತು. ಅದರಲ್ಲಿ ಬ್ಯಾಟರಿಯಿಲ್ಲ, ಹೊರಗಿನಿಂದ ಬಂದ ತಂತಿಯೂ ಇಲ್ಲ. ಒಂದು ಲೋಹದ ಡಬ್ಬಿ, ಒಂದು ನೀಳವಾದ ಕಡ್ಡಿ, ಇಷ್ಟೇ. ಅದು ಕೆಲಸಮಾಡುತ್ತಿದ್ದ ಬಗೆಯನ್ನು ಬಿಡಿಸಿದವರಲ್ಲಿ ಬ್ರಿಟನ್ನಿನ ಪೀಟರ್ ರೈಟ್ ಎಂಬ ವಿಜ್ಞಾನಿ ಪ್ರಮುಖರು. ಡಬ್ಬಿಯ ಒಂದು ಮುಖವು ಅತಿ ತೆಳುವಾದ ಪೊರೆ. ಕೋಣೆಯಲ್ಲಿ ಮಾತನಾಡಿದರೆ ಅದು ಕಂಪಿಸುವುದು. ಹೊರಗಿನಿಂದ ರೇಡಿಯೋ ಅಲೆಯನ್ನು ಅದರತ್ತ ಹಾಯಿಸಿದರೆ ಡಬ್ಬಿಯು ಅನುನಾದದಿಂದ ಮಿಡಿದು, ಮಾತಿನ ಕಂಪನವನ್ನು ಹೊತ್ತ ಅಲೆಯನ್ನು ಹಿಂದಿರುಗಿಸುವುದು. ಅಲೆಯನ್ನು ನಿಲ್ಲಿಸಿದರೆ ಅದು ಸತ್ತ ಲೋಹ. ಆದುದರಿಂದಲೇ ಅಷ್ಟು ಕಾಲ ಯಾರ ಕೈಗೂ ಸಿಗಲಿಲ್ಲ. ಅದನ್ನು ರಚಿಸಿದವರು ಲೆವ್ ಥೆರೆಮಿನ್. ಮುಟ್ಟದೆಯೇ ಕೈಯ ಚಲನೆಯಿಂದ ನುಡಿಸುವ ವಾದ್ಯವನ್ನು ಕಂಡುಹಿಡಿದು ಪ್ರಸಿದ್ಧರಾದವರೂ ಅವರೇ. ೧೯೬೦ರ ಮೇ ತಿಂಗಳಲ್ಲಿ ಅಮೆರಿಕವು ಆ ಮುದ್ರೆಯನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯಲ್ಲಿ ಬಿಚ್ಚಿ ತೋರಿಸಿತು.

ನಮ್ಮ ಚೀಟಿಗೂ ಆ ಡಬ್ಬಿಗೂ ಅನುನಾದವು ಸಮಾನವಾದರೂ ಮಾತಿಗೆ ಕಂಪಿಸುವ ಪೊರೆಯು ನಮ್ಮದರಲ್ಲಿ ಇರಲಿಲ್ಲ. ಬ್ಯಾಟರಿಯ ಅಭಾವದಿಂದ ನಾವು ಮಾಡಿದ ಅನುಮಾನವು ದುರ್ಬಲವಾಗಿತ್ತು. ಪೊರೆಯ ಅಭಾವದಿಂದ ಅದು ಬಲವಾಯಿತು. ಶಿಷ್ಯನು ಗುರುವನ್ನು ತಿದ್ದಿದರೆ ಗುರುವಿಗೆ ಸಂತೋಷವಲ್ಲದೆ ಬೇರೇನು? ಇನ್ನೊಂದನ್ನೂ ನೋಡಬೇಕು. ಮಾಸ್ಕೋದಲ್ಲಿ ಚೆಲುವಾದ ಕಾಣಿಕೆಯೆಂದು ಗೋಡೆಗೆ ತೂಗುಹಾಕಿದುದು ಕಳ್ಳಕಿವಿಯಾಯಿತು. ನಮ್ಮಲ್ಲಿ ಮಾಟವೆಂದು ದೂರ ಸರಿದುದು ಅಂಗಡಿಯ ಚೀಟಿಯಾಯಿತು. ಹೊರ ಆಕಾರವನ್ನೂ ತಂದವರ ಮುಖವನ್ನೂ ನೋಡಿ ತೀರ್ಪು ಕೊಟ್ಟುದೇ ಎರಡು ಕಡೆಯ ತಪ್ಪು.

ಇಂಥ ಬ್ಯಾಟರಿಯಿಲ್ಲದ ವಸ್ತುಗಳು ಈಗ ನಮ್ಮ ಸುತ್ತಲೂ ಇವೆ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಚೀಟಿಯು ಅಂಥದು. ಅದರಲ್ಲಿ ಚಿಪ್ ಉಂಟು, ಸುಂಕದ ಕಟ್ಟೆಯಿಂದ ಬರುವ ಅಲೆಯ ಬಲದಿಂದಲೇ ಅದು ತನ್ನ ಸಂಖ್ಯೆಯನ್ನು ಹೇಳುತ್ತದೆ. ಕೆಲವು ಗ್ರಂಥಾಲಯಗಳ ಪುಸ್ತಕಗಳ ಒಳರಟ್ಟಿನಲ್ಲಿಯೂ ಇಂಥ ಚೀಟಿಗಳಿರುತ್ತವೆ. ಗೃಹಿಣಿಯರು ಕಂಡು ಗಾಬರಿಪಡಬೇಕಾಗಿಲ್ಲ.

ಆದರೆ ನಮ್ಮ ಕಥೆಯನ್ನು ಓದಿ, ದಾರಿಯಲ್ಲಿ ಸಿಕ್ಕಿದ ಯಂತ್ರವನ್ನೆಲ್ಲ ಮನೆಗೆ ತಂದು ಬಿಚ್ಚಿ ನೋಡಬಹುದೆಂದು ಯಾರೂ ತಿಳಿಯಬಾರದು. ೨೦೧೦ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಗೆ ಬಂದ ಹಳೆಯ ಉಪಕರಣವೊಂದರಲ್ಲಿ ವಿಕಿರಣ ಸೂಸುವ ಕೋಬಾಲ್ಟ್ ಇತ್ತು; ಅದೇನೆಂದು ಅರಿಯದೆ ಬಿಚ್ಚಿದುದರಿಂದ ಹಲವರು ನರಳಿದರು, ಒಬ್ಬನು ಪ್ರಾಣವನ್ನೇ ತೆತ್ತನು. ಗುರುತು ತಿಳಿಯದ ಭಾರವಾದ ಲೋಹದ ಪಾತ್ರೆಯನ್ನು, ಮೂರು ದಳಗಳ ಎಚ್ಚರಿಕೆಯ ಚಿಹ್ನೆಯುಳ್ಳ ವಸ್ತುವನ್ನು, ಊದಿಕೊಂಡ ಬ್ಯಾಟರಿಯನ್ನು ಒಡೆಯಬಾರದು, ಕಾಯಿಸಬಾರದು, ಮಕ್ಕಳ ಕೈಗೆ ಕೊಡಬಾರದು. ಅಪಾಯದ ಸಂಶಯವಿದ್ದರೆ ದೂರ ಸರಿದು ೧೧೨ ಸಂಖ್ಯೆಗೆ ತಿಳಿಸುವುದೇ ಜಾಣತನ.

ಮೂರನೆಯ ದಿನ ಕೆಲಸದವಳನ್ನು ಕರೆಸಿ ನಡೆದುದೆಲ್ಲವನ್ನೂ ನಾವೇ ಹೇಳಿದೆವು. ಪೆಟ್ಟಿಗೆಯನ್ನೂ ಚೀಟಿಯನ್ನೂ ತೋರಿಸಿ, ತಪ್ಪು ನಮ್ಮದೆಂದೆವು. ಅವಳು ಸೆರಗಿನ ಅಂಚನ್ನು ಹಿಡಿದುಕೊಂಡು ಎಲ್ಲವನ್ನೂ ಕೇಳಿದಳು. ಆಮೇಲೆ ಕೇಳಿದಳು: “ಅದು ಏನಂತ ನಿಮಗೆ ಗೊತ್ತಾಯ್ತು ಮೇಷ್ಟ್ರೇ, ಸರಿ. ಗೊತ್ತಾಗದೇ ಹೋಗಿದ್ರೆ ನಾನು ಏನಾಗ್ತಿದ್ದೆ?”

ಮೂವತ್ತು ವರ್ಷ ಪ್ರಶ್ನೆ ಕೇಳಿದ ನಮಗೆ ಈ ಪ್ರಶ್ನೆಗೆ ಒಡನೆ ಉತ್ತರ ತೋಚಲಿಲ್ಲ. ಈಗ ತೋಚುತ್ತದೆ. ಆ ವಸ್ತುವು ಏನೆಂದು ನಮಗೆ ತಿಳಿದಿರಲಿಲ್ಲ, ನಿಜ. ಅವಳು ಎಂಥವಳೆಂಬುದು ತಿಳಿದಿತ್ತು. ಹನ್ನೊಂದು ವರ್ಷಗಳ ಪ್ರತ್ಯಕ್ಷಪ್ರಮಾಣವನ್ನು ಬದಿಗಿಟ್ಟು, ಒಂದೂವರೆ ಅಂಗುಲದ ತಗಡಿನ ಮಾತನ್ನು ನಂಬಲು ಹೊರಟಿದ್ದೆವು. ಚೀಟಿಯ ಗುರುತು ಹತ್ತದೆ ಹೋಗಿದ್ದರೂ ಅವಳನ್ನು ಬಿಡಿಸಲು ಆ ಹನ್ನೊಂದು ವರ್ಷಗಳೇ ಸಾಕಾಗಬೇಕಿತ್ತು.

ಅಕ್ಕನವರು ಅಂದು ಏನನ್ನೂ ಹೇಳಲಿಲ್ಲ. ಮರುದಿನ ಬೆಳಗ್ಗೆ, ಸೊಸೆಯು ಹಾಸಿಗೆಗೆ ಕೈಹಾಕಲು ಹೋದಾಗ ಅವಳನ್ನು ತಡೆದು, ಹಿತ್ತಿಲ ಕಡೆಗೆ ತಿರುಗಿ, “ಬಾರೇ, ಈ ಹಾಸಿಗೆಯನ್ನು ನೀನೇ ಕೊಡವಿ ಹಾಸು” ಎಂದು ಕೆಲಸದವಳನ್ನು ಕೂಗಿ ಕರೆದರು.