ದೊಡ್ಡ ಸ್ವಾಮಿಯವರ ಸೋಲು

ಮದ್ದೂರಿನಲ್ಲಿ ವಡೆ ತಿಂದು, ಮಂಡ್ಯದ ಕಬ್ಬಿನ ಗದ್ದೆಗಳನ್ನು ಕಣ್ತುಂಬ ನೋಡಿ ಮೈಸೂರಿನತ್ತ ಸಾಗುವ ಪ್ರಯಾಣಿಕರು ಶ್ರೀರಂಗಪಟ್ಟಣದಲ್ಲಿ ಇಳಿದರೆ ನೋಡುವುದು ರಂಗನಾಥನ ಗುಡಿಯನ್ನು, ದರಿಯಾ ದೌಲತ್ತನ್ನು, ಗುಂಬಜನ್ನು. ಅದೇ ದ್ವೀಪದಲ್ಲಿರುವ ಹಳೆಯ ಇಗರ್ಜಿಯೊಂದರ ಕಡೆಗೆ ಹೊರಳುವವರು ವಿರಳ. ಅದಕ್ಕೆ ಅಂಟಿಕೊಂಡಿರುವ ಹೆಸರು ಅಬ್ಬೆ ದುಬುವಾ ಎಂಬ ಫ್ರೆಂಚ್ ಪಾದ್ರಿಯದು. ಈ ಸೀಮೆಯ ಜನ ಆತನನ್ನು ಕರೆಯುತ್ತಿದ್ದುದು ‘ದೊಡ್ಡ ಸ್ವಾಮಿಯವರು’ ಎಂದು.

ಅಹಂಕಾರವನ್ನು ಬಿಟ್ಟು ದೇವರಿಗೆ ತಲೆಬಾಗುವುದು ಕ್ರೈಸ್ತ ಜೀವನದ ಮೊದಲ ಪಾಠವೆಂದು ಆ ಧರ್ಮದ ಹಿರಿಯರೆಲ್ಲ ಹೇಳುತ್ತ ಬಂದಿದ್ದಾರೆ. ಸಂತ ಅಗಸ್ಟೀನನಂತೂ ಪಾಪಗಳಿಗೆಲ್ಲ ಗರ್ವವೇ ಬೇರು ಎಂದು ಎಣಿಸಿದವನು. ಯೇಸು ಶಿಷ್ಯರ ಕಾಲು ತೊಳೆದದ್ದು, ಮರಣದ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ತನ್ನ ಇಚ್ಛೆಯನ್ನು ತಂದೆಯ ಇಚ್ಛೆಗೆ ಒಪ್ಪಿಸಿದ್ದು ಎಲ್ಲ ಕ್ರೈಸ್ತ ಮನೆಗಳಲ್ಲೂ ಮಕ್ಕಳಿಗೆ ತಿಳಿದ ಕಥೆ. ಪಾಠವೇನೋ ಸುಲಭ, ಕಲಿಯುವುದು ಎಷ್ಟು ಕಷ್ಟವೆಂಬುದಕ್ಕೆ ಈ ದೊಡ್ಡ ಸ್ವಾಮಿಯವರ ಬಾಳು ಒಳ್ಳೆಯ ಸಾಕ್ಷಿ.

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕಾಳಗ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಸುಲ್ತಾನನು ಮಡಿದನು. 1784ರಲ್ಲಿ ಮಂಗಳೂರಿನ ಕಡೆಯಿಂದ ಸೆರೆಹಿಡಿದು ತಂದಿದ್ದ ಸಾವಿರಾರು ಕ್ರೈಸ್ತರಲ್ಲಿ ಬದುಕಿ ಉಳಿದವರಿಗೆ ಅಂದು ಬಿಡುಗಡೆಯಾಯಿತು. ಅವರಲ್ಲಿ ಬಲವಂತಕ್ಕೆ ಸಿಕ್ಕಿ ಮತ ಬದಲಿಸಿದವರು ಅನೇಕರು. ಅವರನ್ನು ಮತ್ತೆ ಒಟ್ಟುಗೂಡಿಸಲು ಒಬ್ಬ ಪಾದ್ರಿ ಬೇಕಾಗಿತ್ತು. ಹಾಗೆ ಬಂದವನು ದುಬುವಾ. ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಬೆಂಕಿ ಹೊತ್ತಿದ್ದಾಗ, 1792ರಲ್ಲಿ, ಗುರುದೀಕ್ಷೆ ಪಡೆದು ದೇಶ ಬಿಟ್ಟು ಬಂದ ತರುಣ. ತಮಿಳು ನಾಡಿನಲ್ಲಿ ಕೆಲವು ವರ್ಷ ಕಳೆದು ಕಾವೇರಿಯ ಈ ತೀರಕ್ಕೆ ಬಂದಾಗ ಆತನಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ.

ಆತನು ಮೊದಲು ಬಿಟ್ಟದ್ದು ಯೂರೋಪಿನ ಉಡುಪನ್ನು. ಬಿಳಿಯ ನಿಲುವಂಗಿ, ತಲೆಗೆ ಮುಂಡಾಸು, ಕೈಯಲ್ಲಿ ಕೋಲು. ಮಾಂಸವನ್ನು ಬಿಟ್ಟನು. ನೆಲದ ಮೇಲೆ ಕುಳಿತು ಉಣ್ಣುವುದನ್ನು ಕಲಿತನು. ಈ ನಾಡಿನ ನಡೆನುಡಿಗಳನ್ನು ಕಲಿತನು. ಗೆದ್ದ ಜನರ ಬಣ್ಣವನ್ನೇ ಹೊತ್ತಿದ್ದ ಮನುಷ್ಯ ಸೋತವರ ಉಡುಪನ್ನು ತೊಡುವುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಸಿಡುಬು ಊರೂರನ್ನು ಬರಿದುಮಾಡುತ್ತಿದ್ದ ಕಾಲದಲ್ಲಿ, ಇನ್ನೂ ಹೊಸದಾಗಿದ್ದ ದೇವಿ ಹಾಕುವ ಪದ್ಧತಿಯನ್ನು ಜನರಿಗೆ ಒಲಿಸಿ ಒಪ್ಪಿಸಿ ಸಾವಿರಾರು ಮಂದಿಗೆ ಹಾಕಿಸಿದನು. ಹಾಸನ ಸೀಮೆಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಯೊಂದನ್ನು ಕಟ್ಟಿಕೊಟ್ಟನು. ‘ದೊಡ್ಡ ಸ್ವಾಮಿ’ ಎಂಬ ಹೆಸರು ಬಂದದ್ದು ಉಪದೇಶದಿಂದಲೋ ಈ ಸೇವೆಯಿಂದಲೋ ಎಂದು ಕೇಳಿದರೆ, ಸೇವೆಯಿಂದಲೇ ಎನ್ನಬೇಕು.

ಆದರೆ ಉಡುಪನ್ನು ಕಳಚಿದಷ್ಟು ಸುಲಭವಾಗಿ ದೃಷ್ಟಿಯನ್ನು ಕಳಚಲಾಗದು. ಆತನ ಹೆಸರಿನಲ್ಲಿ ಹೊರಬಂದ ಹಿಂದೂ ಆಚಾರ ವ್ಯವಹಾರಗಳ ದೊಡ್ಡ ಗ್ರಂಥವನ್ನು ಓದಿದವರಿಗೆ, ಎಷ್ಟೋ ಪುಟಗಳಲ್ಲಿ ನೆಲದ ಮೇಲೆ ಕುಳಿತ ಸಂನ್ಯಾಸಿಯಲ್ಲ, ಎತ್ತರದ ಕುರ್ಚಿಯಿಂದ ಕೆಳಗೆ ನೋಡುವ ಯೂರೋಪಿಯನನೇ ಕಾಣುತ್ತಾನೆ. ತನ್ನ ಸುತ್ತಲಿನವರ ನಂಬಿಕೆಗಳನ್ನು ಕುರಿತು ಆತನ ಮಾತು ಅನೇಕ ಕಡೆ ಕಟುವಾದದ್ದು.

ಇನ್ನು ಆತನ ಸೋಲಿನ ಮಾತು. ಮೂವತ್ತು ವರ್ಷಗಳಷ್ಟು ಕಾಲ ದುಡಿದು 1823ರಲ್ಲಿ ಆತನು ಭಾರತವನ್ನು ಬಿಟ್ಟನು. ಅದೇ ವರ್ಷ ಲಂಡನ್ನಿನಲ್ಲಿ ಆತನ ಪತ್ರಗಳು ಅಚ್ಚಾದವು. ಅವುಗಳಲ್ಲಿ ಆತನು ತನ್ನ ಲೆಕ್ಕವನ್ನು ತಾನೇ ಒಪ್ಪಿಸಿದ್ದನು: ಇಷ್ಟು ವರ್ಷಗಳಲ್ಲಿ ತಾನೂ ಒಬ್ಬ ದೇಶೀಯ ಪಾದ್ರಿಯೂ ಸೇರಿ ಮತಕ್ಕೆ ತಂದವರು ಇನ್ನೂರರಿಂದ ಮುನ್ನೂರು ಮಂದಿ, ಅವರಲ್ಲಿಯೂ ನಿಷ್ಕಪಟ ಕ್ರೈಸ್ತನೊಬ್ಬನನ್ನು ಕಂಡೆನೆಂದು ಹೇಳಲು ತನಗೆ ಧೈರ್ಯವಿಲ್ಲ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ. ತನ್ನ ಬಾಳಿನ ಗುರಿಯೇ ವಿಫಲವಾಯಿತೆಂದು ಇಷ್ಟು ಬಹಿರಂಗವಾಗಿ ಸಾರಿದ ಪಾದ್ರಿ ಅಪರೂಪ. ಇದು ನಮ್ರತೆಯ ಶಿಖರವಲ್ಲವೇ?

ಅಲ್ಲವೆಂದವರೂ ಇದ್ದರು. ಮರುವರ್ಷವೇ, 1824ರಲ್ಲಿ, ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬ ಇಬ್ಬರು ಪ್ರಾಟೆಸ್ಟಂಟ್ ಪಾದ್ರಿಗಳು ಒಬ್ಬೊಬ್ಬರಾಗಿ ಉತ್ತರ ಬರೆದರು. ಅವರ ವಾದವೇನೇ ಇರಲಿ, ಈ ಜಗಳದೊಳಗೆ ಅಡಗಿರುವ ಪ್ರಶ್ನೆ ಸೂಕ್ಷ್ಮವಾದದ್ದು. “ನನ್ನಿಂದ ಆಗಲಿಲ್ಲ” ಎನ್ನುವುದು ಬೇರೆ, “ನನ್ನಿಂದ ಆಗದ್ದು ಯಾರಿಂದಲೂ ಆಗದು” ಎನ್ನುವುದು ಬೇರೆ. ಮೊದಲನೆಯದು ತಲೆಬಾಗಿದವನ ಮಾತು. ಎರಡನೆಯದರಲ್ಲಿ ಪೆಟ್ಟು ತಿಂದ ಅಭಿಮಾನದ ಕೊರಗು ಕೇಳಿಸುತ್ತದೆ. ಹತಾಶೆಯೂ ಗರ್ವದ ಒಂದು ಮುಖವೆಂದು ಕ್ರೈಸ್ತ ಗುರುಗಳು ಹೇಳುವುದು ಇದಕ್ಕಾಗಿಯೇ. ದುಬುವಾನ ಪತ್ರಗಳಲ್ಲಿ ಈ ಎರಡು ದನಿಗಳೂ ಬೆರೆತಿವೆ. ಬಿಡಿಸಿ ತೂಗುವುದು ಕಷ್ಟ.

ಈ ಗಂಟು ಕ್ರೈಸ್ತರದೊಬ್ಬರದೇ ಅಲ್ಲ. ಇದೇ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ಪರಂಪರೆಯಲ್ಲಿ ಶರಣಾಗತಿಯ ವಿಷಯವಾಗಿ ಮಂಗನ ಮರಿ, ಬೆಕ್ಕಿನ ಮರಿಗಳ ದೃಷ್ಟಾಂತವುಂಟು. ಮಂಗನ ಮರಿ ತಾನೇ ತಾಯನ್ನು ಅಪ್ಪಿಕೊಂಡಿರಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಮನುಷ್ಯನ ಯತ್ನವೆಷ್ಟು, ದೇವರ ಕೃಪೆಯೆಷ್ಟು ಎಂದು ಕ್ರೈಸ್ತ ಪಂಡಿತರು ಶತಮಾನಗಳ ಕಾಲ ಹೋರಾಡಿದ್ದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ದುಬುವಾ ಕಡೆಯವರೆಗೂ ಮಂಗನ ಮರಿಯಾಗಿಯೇ ಉಳಿದನೋ ಏನೋ.

ಆತನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿದ್ದು ಮೇಲೆ ಹೇಳಿದ ಗ್ರಂಥ. ಅದರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿಕೊಂಡನು. ಈಸ್ಟ್ ಇಂಡಿಯಾ ಕಂಪೆನಿ 1807ರಲ್ಲಿ 2000 ವರಹಗಳಿಗೆ ಅದನ್ನು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ನೂರೈವತ್ತು ವರ್ಷಗಳಿಗೂ ಮಿಕ್ಕಿ ವಿದ್ವಾಂಸರೆಲ್ಲ ಅದನ್ನು ದುಬುವಾನ ಸ್ವಂತ ಅನುಭವದ ಫಲವೆಂದೇ ನಂಬಿದ್ದರು. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ನೋಡಿ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಬೇರೆಯೇ ಸಂಗತಿ ಹೊರಬಿತ್ತು. ಗ್ರಂಥದ ಬಹುಭಾಗಕ್ಕೆ ಮೂಲ, ಪಾಂಡಿಚೇರಿಯಲ್ಲಿ 1779ರಲ್ಲಿ ತೀರಿಕೊಂಡ ಕೋರ್ದು ಎಂಬ ವೃದ್ಧ ಜೆಸುಯಿಟ್ ಪಾದ್ರಿಯ ಬರಹ. ದುಬುವಾ ಅದನ್ನು ತಿದ್ದಿದ್ದನು, ಬೆಳೆಸಿದ್ದನು. ಕೋರ್ದುವಿನ ಹೆಸರನ್ನು ಮಾತ್ರ ಹೇಳಿರಲಿಲ್ಲ.

ದೇಶವನ್ನು ಬಿಟ್ಟವನು, ಉಡುಪನ್ನು ಬಿಟ್ಟವನು, ಊಟವನ್ನು ಬಿಟ್ಟವನು, ಸೋತೆನೆಂದು ಒಪ್ಪಿಕೊಂಡವನು ಇದೊಂದನ್ನು ಬಿಡದೆ ಹೋದನು. ಆ ಕಾಲದಲ್ಲಿ ಇಂಥ ಎರವಲು ಇಂದಿನಷ್ಟು ದೊಡ್ಡ ತಪ್ಪೆನಿಸಿರಲಿಲ್ಲ ಎಂಬುದೂ ನಿಜ. ಆದರೂ, ಪ್ಯಾರಿಸ್ಸಿನ ಮಿಷನ್ ಮಠದಲ್ಲಿ ಕಿರಿಯರಿಗೆ ಗುರುವಾಗಿ, ಕೆಲವು ವರ್ಷ ಅದರ ಮುಖ್ಯಸ್ಥನೂ ಆಗಿ 1848ರವರೆಗೆ ಬಾಳಿದ ಮುದುಕನಿಗೆ ಪಾಪನಿವೇದನೆಯ ಹೊತ್ತಿನಲ್ಲಿ ಆ ಹೆಸರು ಒಮ್ಮೆಯಾದರೂ ನೆನಪಾಗಿರಲಾರದೇ?

ಕೋರ್ದುವಿನ ಪಾಲಿಗೆ ಇದು ಮೊದಲ ಸಲವೇನೂ ಅಲ್ಲ. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ನಂಟಿರುವುದನ್ನು ಆತನು 1767ರಲ್ಲೇ ಪ್ಯಾರಿಸ್ಸಿನ ವಿದ್ವಾಂಸರಿಗೆ ಬರೆದು ತಿಳಿಸಿದ್ದನು. ಆ ಕಾಗದ ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ, 1786ರ ಭಾಷಣವೊಂದರಿಂದ, ಆ ಕೀರ್ತಿ ವಿಲಿಯಂ ಜೋನ್ಸನಿಗೆ ಸಂದುಹೋಗಿತ್ತು.